ದೋಸೆಯ ದಾರಿ ಮತ್ತು ಮಲೆನಾಡು
(ಉಪನ್ಯಾಸದ ಬರಹರೂಪ)



ಬೆಂಗಳೂರಿನ ಸಿಟಿ ಬಸ್ಸಿನ ಚಿಂತೆ ಮಲೆನಾಡಿನವರಿಗೇಕೆ ಎಂಬ ಪ್ರಶ್ನೆ ಸಹಜವಾದದ್ದೇ. ಕಾಡು, ಹೊಳೆ, ಅಡಿಕೆ ತೋಟ, ಸೊಪ್ಪಿನಬೆಟ್ಟಗಳ ನಡುವೆ ಬದುಕುವವರಿಗೆ ರಾಜಧಾನಿಯ ವಾಹನ ದಟ್ಟಣೆ ದೂರದ ಸುದ್ದಿ. ಆದರೆ ನಗರವೊಂದು ತನ್ನೊಳಗೆ ಹೇಗೆ ಓಡಾಡುತ್ತದೆಯೋ ಅದರ ಮೇಲೆ ಅದು ಹೊರಗಿನಿಂದ ಎಷ್ಟನ್ನು ಬೇಡುತ್ತದೆ ಎಂಬುದು ನಿಂತಿದೆ. ಇದನ್ನು ವಿವರಿಸಲು ದೊಡ್ಡ ವರದಿಗಳು ಬೇಕಿಲ್ಲ. ಒಂದು ತಟ್ಟೆ ಮಸಾಲೆ ದೋಸೆ ಸಾಕು.

ದೋಸೆ ಹಿಟ್ಟಿನ ಜೀವಾಳ ಉದ್ದು. ನೆನೆಸಿ ರುಬ್ಬಿದ ಉದ್ದಿನ ಲೋಳೆ, ಹುದುಗುವಾಗ ಸೂಕ್ಷ್ಮಜೀವಿಗಳು ಹೊರಬಿಡುವ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಟ್ಟು ಉಬ್ಬುವುದು ಅದರಿಂದಲೇ. ಕರ್ನಾಟಕದಲ್ಲಿ ಉದ್ದು ಬೆಳೆಯುವ ಪ್ರಮುಖ ಜಿಲ್ಲೆ ಬೀದರ್. ಬಸವಕಲ್ಯಾಣ ತಾಲ್ಲೂಕಿನ ಮಂಠಾಳ, ಪಕ್ಕದ ಹುಮನಾಬಾದ್ ಸೀಮೆಗಳಲ್ಲಿ ಮುಂಗಾರಿನ ಮೊದಲ ಮಳೆಗೆ ಬಿತ್ತಿದ ಉದ್ದು ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ, ಮಣ್ಣಿಗೆ ಸಾರಜನಕವನ್ನೂ ಕೂಡಿಸುತ್ತದೆ. ಕಳೆದ ಕೆಲವು ದಶಕಗಳಲ್ಲಿ ಸೋಯಾ ಅವರೆ ಅಲ್ಲಿ ಉದ್ದು, ಹೆಸರುಗಳ ಜಾಗವನ್ನು ಬಹಳಷ್ಟು ಆಕ್ರಮಿಸಿದೆಯಾದರೂ ಉದ್ದಿನ ನಂಟು ಇನ್ನೂ ಕಡಿದಿಲ್ಲ. ದೋಸೆಯ ಜೊತೆಗೆ ಬರುವ ಕಾಫಿಯಂತೂ ಮಲೆನಾಡಿನದೇ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟನ್ನು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳು ಬೆಳೆಯುತ್ತವೆ. ಬಯಲಿನ ಹೊಲವೂ ಬೆಟ್ಟದ ತೋಟವೂ ಒಂದೇ ಮೇಜಿನ ಮೇಲೆ ಕೂಡುತ್ತವೆ.

ಮಂಠಾಳದ ರೈತ ಮಹಿಳೆಯೊಬ್ಬಳು ಆ ಮೇಜಿನವರೆಗೆ ಹೋಗಬೇಕೆಂದುಕೊಳ್ಳೋಣ. ಬಸವಕಲ್ಯಾಣದ ಮೇಲೆ ಹುಮನಾಬಾದಿನವರೆಗೆ ಸರ್ಕಾರಿ ಬಸ್ಸಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಆಕೆಗೆ ಟಿಕೆಟ್ಟಿನ ಖರ್ಚಿಲ್ಲ. 2017ರಲ್ಲಿ ಪೂರ್ಣಗೊಂಡ ಬೀದರ್–ಕಲಬುರಗಿ ರೈಲು ಮಾರ್ಗ ಹುಮನಾಬಾದನ್ನು ಹಾದುಹೋಗುತ್ತದೆ. ಕಲಬುರಗಿಯಿಂದ ರಾತ್ರಿಯ ರೈಲು ಹಿಡಿದರೆ ಬೆಳಿಗ್ಗೆ ಬೆಂಗಳೂರು. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ ದಾಟಿ ಮೂರನೆಯದೇ ನ್ಯಾಷನಲ್ ಕಾಲೇಜು ನಿಲ್ದಾಣ. ಅಲ್ಲಿಂದ ಕಾಲ್ನಡಿಗೆಯಲ್ಲಿ ಗಾಂಧಿ ಬಜಾರ್, ವಿದ್ಯಾರ್ಥಿ ಭವನ.

1943ರಲ್ಲಿ ಆರಂಭವಾದ ಈ ಹೋಟೆಲಿನ ಹೆಸರೇ ಅದರ ಗಿರಾಕಿಗಳು ಯಾರೆಂಬುದನ್ನು ಹೇಳುತ್ತದೆ. ಸುತ್ತಲಿನ ಶಾಲೆ-ಕಾಲೇಜುಗಳ ಹುಡುಗರು ನಡೆದೋ ಸೈಕಲ್ಲಿನಲ್ಲೋ ಬಂದು ತಿಂದು ಹೋಗುತ್ತಿದ್ದ ಸ್ಥಳವದು. ಗುರುತಿಲ್ಲದವರ ಎದುರು ಕುಳಿತು ಮೇಜು ಹಂಚಿಕೊಳ್ಳುವುದು, ಜಾಗಕ್ಕಾಗಿ ಸರದಿ ಕಾಯುವುದು, ಎದ್ದವರ ಜಾಗದಲ್ಲಿ ಮತ್ತೊಬ್ಬರು ಕೂರುವುದು ಇವೆಲ್ಲ ಅಲ್ಲಿನ ರೂಢಿ. ಸಿಟಿ ಬಸ್ಸಿನ ರೂಢಿಯೂ ಇದೇ ಅಲ್ಲವೇ? 1924ರಲ್ಲಿ ಹುಟ್ಟಿದ ಮಾವಳ್ಳಿ ಟಿಫಿನ್ ರೂಮ್ ಇರಲಿ, ಮಲ್ಲೇಶ್ವರದ ಸೆಂಟ್ರಲ್ ಟಿಫಿನ್ ರೂಮ್ ಇರಲಿ, ಹಳೆಯ ಉಪಾಹಾರ ಗೃಹಗಳೆಲ್ಲ ಕಿರಿದಾದ ಸ್ಥಳದಲ್ಲಿ ಬಹಳ ಜನರನ್ನು ಉಣಿಸಿದವು. ಬಂದವರು ಜೊತೆಯಲ್ಲಿ ಕಾರು ತರುತ್ತಿರಲಿಲ್ಲವಾದ್ದರಿಂದ ಅದು ಸಾಧ್ಯವಾಯಿತು.

ಈಗ ಭಾನುವಾರ ಬೆಳಿಗ್ಗೆ ಊರಿನ ಅಂಚಿನ ಬಡಾವಣೆಯಿಂದ ಇಬ್ಬರು ಕಾರಿನಲ್ಲಿ 15 ಕಿಲೋಮೀಟರ್ ದೂರದ ದೋಸೆಗೆ ಹೊರಟರೆನ್ನಿ. ಹೋಗಿ ಬರಲು 30 ಕಿಲೋಮೀಟರ್. ಲೀಟರಿಗೆ 12 ಕಿಲೋಮೀಟರ್ ಓಡುವ ಕಾರಾದರೆ ಎರಡೂವರೆ ಲೀಟರ್ ಪೆಟ್ರೋಲ್. ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊಮ್ಮುವುದರಿಂದ, ಎರಡು ದೋಸೆಗೆ ಐದೂವರೆ ಕಿಲೋಗ್ರಾಮಿಗೂ ಮಿಕ್ಕಿದ ಅನಿಲ. ಅದೇ ದೂರವನ್ನು 40 ಜನರಿರುವ, ಲೀಟರ್ ಡೀಸೆಲ್ಲಿಗೆ 4 ಕಿಲೋಮೀಟರ್ ಓಡುವ ಬಸ್ಸು ಕ್ರಮಿಸಿದರೆ ತಲೆಗೆ 200 ಮಿಲಿಲೀಟರ್ ಕೂಡ ಆಗದು. ಕಾರಿನಲ್ಲಿ ಕುಳಿತವರ ಪಾಲು ಅದರ ಆರು ಪಟ್ಟಿಗೂ ಹೆಚ್ಚು.

ಇಂಧನಕ್ಕಿಂತ ಗಂಭೀರವಾದದ್ದು ನೆಲದ ಲೆಕ್ಕ. ನಿಂತ ಕಾರೊಂದಕ್ಕೆ ಸುಮಾರು 12 ಚದರ ಮೀಟರ್ ಬೇಕು. ಅಷ್ಟರಲ್ಲಿ ನಾಲ್ಕು ಜನರ ಎರಡು ಮೇಜುಗಳನ್ನು ಧಾರಾಳವಾಗಿ ಹಾಕಬಹುದು. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಮಹಾನಗರ ಸಾರಿಗೆ ಸಂಸ್ಥೆಯ ಬಸ್ಸುಗಳಾದರೋ ಏಳು ಸಾವಿರದ ಆಸುಪಾಸು. ಪ್ರತಿಯೊಬ್ಬರೂ ವಾಹನದೊಡನೆ ಚಲಿಸುವ ನಗರಕ್ಕೆ ಅಗಲವಾದ ರಸ್ತೆ ಬೇಕು, ಮೇಲ್ಸೇತುವೆ ಬೇಕು. ರಸ್ತೆ ಉದ್ದವಾದಷ್ಟೂ ಬಡಾವಣೆಗಳು ಹೊರಹೊರಗೆ ಹಬ್ಬುತ್ತವೆ. ಹಾಗೆ ಹಬ್ಬಿದ ಊರಿಗೆ ಜಲ್ಲಿ, ಮರಳು, ವಿದ್ಯುತ್ತು, ನೀರು ಎಲ್ಲವೂ ಇನ್ನಷ್ಟು ದೂರದಿಂದ ಬರಬೇಕು.

ಆ ದೂರ ಯಾವುದೆಂದು ಶರಾವತಿ ಕಣಿವೆಯ ಜನಕ್ಕೆ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು-ಗದ್ದೆಗಳನ್ನು ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಇದ್ದಾರೆ. ಅದೇ ಜಲಾಶಯದ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಚನೆ 2019ರಲ್ಲಿ ಹೊರಬಿದ್ದಾಗ ಶಿವಮೊಗ್ಗ ಜಿಲ್ಲೆ ಬೀದಿಗಿಳಿಯಿತು. ಕಣಿವೆಯ ಅಭಯಾರಣ್ಯದಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಿದ್ದೂ ಬೇಡಿಕೆ ಏರುವ ಹೊತ್ತಿಗೆ ವಿದ್ಯುತ್ ಬೇಕೆಂಬ ಕಾರಣಕ್ಕೆ. ಒಂದೊಂದು ಯೋಜನೆಯನ್ನು ತಡೆಯುವುದು ಅಗತ್ಯ. ಆದರೆ ಬೇಡಿಕೆಯೇ ಬೆಳೆಯುತ್ತಿದ್ದರೆ, ಇಂದು ತಡೆದದ್ದು ನಾಳೆ ಬೇರೆ ಹೆಸರಿನಲ್ಲಿ ಬರುತ್ತದೆ.

ಮೆಟ್ರೊ ಕೂಡ ಮರಗಳನ್ನು ತಿಂದಿದೆಯಲ್ಲ ಎಂದು ಕೇಳುವವರಿದ್ದಾರೆ. ನಿಜ. 2009ರಲ್ಲಿ ಜಯನಗರದ ಲಕ್ಷ್ಮಣರಾವ್ ಉದ್ಯಾನದ ಬಳಿ ಮರಗಳನ್ನು ಉರುಳಿಸಿದಾಗ ನಾಗರಿಕರು ಪ್ರತಿಭಟಿಸಿದ್ದರು. ಮೆಟ್ರೊ ಓಡುವುದೂ ವಿದ್ಯುತ್ತಿನಿಂದಲೇ. ಆದರೆ ಅಂಥ ಬೆಲೆ ತೆತ್ತು ಕಟ್ಟಿದ್ದು ಜನರಿಂದ ತುಂಬಿ ಓಡಿದರೆ ಮಾತ್ರ ಆ ತ್ಯಾಗಕ್ಕೆ ಅರ್ಥ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಹಿಂದಿನ ತಿಂಗಳಷ್ಟೇ ಬಸ್ ದರ ಶೇಕಡಾ 15ರಷ್ಟು ಹೆಚ್ಚಿತ್ತು. ಇಬ್ಬರು ಹೋಗಿ ಬರುವ ಟಿಕೆಟ್ಟಿನ ಹಣ ಸ್ಕೂಟರಿನ ಪೆಟ್ರೋಲಿಗಿಂತ ಹೆಚ್ಚಾದರೆ ಯಾರೂ ಮೆಟ್ಟಿಲು ಹತ್ತುವುದಿಲ್ಲ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಮೀಸಲಿಟ್ಟ ಪಥವೂ ಉಳಿಯಲಿಲ್ಲ.

ಆದ್ದರಿಂದ ಮಲೆನಾಡಿನ ಸಂಘಟನೆಗಳ ಬೇಡಿಕೆಪಟ್ಟಿಗೆ ಕೆಲವು ಸಾಲುಗಳು ಸೇರಬೇಕು. ನದಿ ತಿರುವು ಬೇಡವೆಂದು ಗ್ರಾಮಸಭೆ ನಿರ್ಣಯ ಮಾಡುವಾಗ, ರಾಜಧಾನಿಗೆ ಹೆಚ್ಚು ಬಸ್ಸುಗಳು, ಬಸ್ಸಿಗೇ ಮೀಸಲಾದ ಪಥ, ಕೈಗೆಟಕುವ ಮೆಟ್ರೊ ದರ, ನಡೆಯಲು ಯೋಗ್ಯವಾದ ಪಾದಚಾರಿ ಮಾರ್ಗ ಬೇಕೆಂದೂ ಬರೆಯಬೇಕು. ಬೆಂಗಳೂರಿನ ಪರಿಸರ ಗುಂಪುಗಳೊಡನೆ ಕೂಡಿ ಈ ಒತ್ತಾಯವನ್ನು ಸರ್ಕಾರದ ಮುಂದಿಡಬೇಕು. ಮಲೆನಾಡಿನ ಹಳ್ಳಿಗಳಿಗೆ ನಿಂತುಹೋಗಿರುವ ಬಸ್ಸುಗಳನ್ನು ಮತ್ತೆ ಓಡಿಸುವಂತೆ ಅದೇ ಅರ್ಜಿಯಲ್ಲಿ ಕೇಳಬೇಕು. ಇಲ್ಲಿ ಬಸ್ಸಿಲ್ಲದೆ ಬೈಕು ಕೊಂಡವರೇ ಅಲ್ಲಿಗೆ ಹೋಗಿ ಕಾರು ಕೊಳ್ಳುತ್ತಾರೆ.

ಮಗನನ್ನೋ ಮಗಳನ್ನೋ ನೋಡಲು ಬೆಂಗಳೂರಿಗೆ ಹೋಗುವವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಮುಂದಿನ ಸಲ ಹೋದಾಗ ಮಕ್ಕಳನ್ನು ಕಾರು ತೆಗೆಯಗೊಡದೆ ಬಸ್ಸಿನಲ್ಲೋ ಮೆಟ್ರೊದಲ್ಲೋ ಗಾಂಧಿ ಬಜಾರಿಗೆ ಕರೆದೊಯ್ಯಿರಿ. ಶುಕ್ರವಾರ ಮಾತ್ರ ಬೇಡ, ಅಂದು ವಿದ್ಯಾರ್ಥಿ ಭವನಕ್ಕೆ ರಜೆ.