ಗಡಸು ನೀರಿನ ಬಂಡೆಮೀನುಗಳು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಲ್ಲಿ ಬೋರ್‌ವೆಲ್ ನೀರನ್ನು ಹೊಗಳುವವರು ಕಡಿಮೆ. ಸೋಪು ಹಚ್ಚಿದರೆ ನೊರೆ ಏಳುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ದೂರೆಲ್ಲ ನಿಜವೇ. ಆದರೆ ಮನೆಯಲ್ಲಿ ಅಕ್ವೇರಿಯಂ ಇಡುವ ವಿಷಯಕ್ಕೆ ಬಂದರೆ ಇದೇ ಗಡಸು ನೀರು ನಮ್ಮ ಆಸ್ತಿ ಎನ್ನುವುದು ನನ್ನ ವಾದ. ನಮ್ಮಲ್ಲಿ ಬಹಳಷ್ಟು ಜನ ಶುರು ಮಾಡುವುದು ನಿಯಾನ್ ಟೆಟ್ರಾದಂಥ ಪುಟ್ಟ ಮೀನಿನಿಂದ. ಅದು ಅಮೆಜಾನ್ ಸೀಮೆಯ ಮೆದು ನೀರಿನ, ಕೊಂಚ ಹುಳಿ ಗುಣದ ನೀರಿನ ಮೀನು. ನಮ್ಮ ಬೋರ್‌ವೆಲ್ ನೀರಿನಲ್ಲಿ ಅದು ಸೊರಗುತ್ತದೆ. ಮೀನು ಸತ್ತಾಗ ನೀರನ್ನು ಬೈದು ಟ್ಯಾಂಕನ್ನು ಅಟ್ಟಕ್ಕೆ ಹಾಕುತ್ತೇವೆ. ನೀರನ್ನು ಬದಲಿಸಲು ಹೆಣಗುವುದಕ್ಕಿಂತ ಆ ನೀರಿಗೆ ಒಗ್ಗುವ ಮೀನನ್ನೇ ತರುವುದು ಸುಲಭ. ಆ ಮೀನು ಯಾವುದೆಂದರೆ, ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ಸಂದಿಯಲ್ಲಿ ಬಾಳುವ ಸಿಕ್ಲಿಡ್. ಅಲ್ಲಿಯವರು ಇವುಗಳನ್ನು ಎಂಬೂನಾ ಎನ್ನುತ್ತಾರೆ, ಸಾಕುವವರೂ ಹಾಗೇ ಕರೆಯುತ್ತಾರೆ.

ಟ್ಯಾಂಕು, ಫಿಲ್ಟರ್, ಏರ್ ಪಂಪ್ ಇವೆಲ್ಲ ನಿಮಗೆ ಗೊತ್ತಿರುವುದೇ. ನೇರವಾಗಿ ನೀರಿಗೆ ಬರೋಣ. ಮಲಾವಿ ಸುಮಾರು 570 ಕಿಲೋಮೀಟರ್ ಉದ್ದ, 700 ಮೀಟರ್ ಆಳದ ಸರೋವರ. ಅದರ ಮೇಲ್ಪದರದ ನೀರಿನ ಪಿಹೆಚ್ ಎಂಟರ ಆಸುಪಾಸು, ಬಿಸುಪು ಸಾಮಾನ್ಯವಾಗಿ 24ರಿಂದ 28 ಡಿಗ್ರಿ. ನಮ್ಮಲ್ಲಿ ವರ್ಷದ ಬಹುಪಾಲು ಹೀಟರ್ ಬೇಕಾಗುವುದೇ ಇಲ್ಲ. ತಿಳಿದವರು ಇಲ್ಲೇ ಒಂದು ಆಕ್ಷೇಪ ಎತ್ತಬಹುದು: ಮಲಾವಿ ನೀರು ಕ್ಷಾರೀಯ ನಿಜ, ಆದರೆ ಹನೂರಿನ ಬೋರ್‌ವೆಲ್‌ನಷ್ಟು ಗಡಸಲ್ಲ. ಆಕ್ಷೇಪ ಸರಿಯಾದದ್ದು. ಆದರೆ ಈ ಮೀನಿಗೆ ಮುಖ್ಯವಾದದ್ದು ಪಿಹೆಚ್ ಇದ್ದಕ್ಕಿದ್ದಂತೆ ಕುಸಿಯದಿರುವುದು. ನೀರಿನಲ್ಲಿ ಕಾರ್ಬೊನೇಟ್ ಅಂಶ ಸಾಕಷ್ಟಿದ್ದರೆ, ಮೀನಿನ ಹೊಲಸಿನಿಂದ ಹುಟ್ಟುವ ಆಮ್ಲವನ್ನು ಅದು ತಡೆದುಕೊಳ್ಳುತ್ತದೆ. ಮೆದು ನೀರಿಗೆ ಆ ಶಕ್ತಿಯಿಲ್ಲ. ನೀರು ವಿಪರೀತ ಗಡಸಾಗಿದ್ದರೆ ಹಿಡಿದಿಟ್ಟ ಮಳೆನೀರನ್ನು ಬೆರೆಸಿದರೆ ಸಾಕು. ಕೊಳವೆಬಾವಿಯ ಸುತ್ತ ಯೂರಿಯಾ ಬೀಳುವ ಹೊಲಗಳಿದ್ದರೆ ನೈಟ್ರೇಟ್ ಎಷ್ಟಿದೆ ಎಂದು ಮಾತ್ರ ಮೊದಲೇ ನೋಡಿಸಿಕೊಳ್ಳಬೇಕು. ಇನ್ನು ನಲ್ಲಿಯಲ್ಲಿ ಕಾವೇರಿ ನೀರು ಬರುವ ಮನೆಯವರು ಅದರ ಕ್ಲೋರಿನ್ ಹೋಗಲಾಡಿಸಿ, ಕೊಂಚ ಬೋರ್‌ವೆಲ್ ನೀರು ಸೇರಿಸಿಕೊಳ್ಳಲಿ.

ಕ್ಷಾರೀಯ ನೀರಿಗೆ ಒಂದು ಅಪಾಯವೂ ಇದೆ, ಅದನ್ನು ಮರೆಮಾಚಿದರೆ ನನ್ನ ವಾದ ನಿಲ್ಲುವುದಿಲ್ಲ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಪಿಹೆಚ್ ಏಳರಲ್ಲಿ ಬಹುಮಟ್ಟಿಗೆ ನಿರುಪದ್ರವಿ ರೂಪದಲ್ಲಿರುತ್ತದೆ. ಪಿಹೆಚ್ ಎಂಟಕ್ಕೆ ಏರಿದರೆ ಅದರ ವಿಷಕಾರಿ ಪಾಲು ಹತ್ತಿರಹತ್ತಿರ ಹತ್ತು ಪಟ್ಟು ಹೆಚ್ಚುತ್ತದೆ. ಹೀಗಾಗಿ ಹೊಸ ಟ್ಯಾಂಕಿಗೆ ಒಂದೇ ದಿನ ಇಪ್ಪತ್ತು ಮೀನು ಸುರಿದವರು ವಾರದೊಳಗೆ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಫಿಲ್ಟರ್‌ನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಯೂರಲು ತಿಂಗಳಾದರೂ ಬೇಕು. ಆಮೇಲೂ ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಲೇಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಏರ್ ಪಂಪ್ ನಿಲ್ಲದಂತೆ ಬ್ಯಾಟರಿಯೂ ಬೇಕು, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನೋಡಿ.

ಈಗ ಕಲ್ಲು. ಕಲ್ಲಿಗೆ ನಮ್ಮಲ್ಲಿ ಬರವೇ ಇಲ್ಲ. ಗ್ರಾನೈಟ್, ಕರಿಕಲ್ಲು, ಬೆಣಚುಕಲ್ಲು ನೀರಿನಲ್ಲಿ ಕರಗುವುದಿಲ್ಲ, ಧೈರ್ಯವಾಗಿ ಬಳಸಬಹುದು. ನಿಂಬೆರಸ ಹಿಂಡಿದಾಗ ಬುರುಗು ಬಂದರೆ ಅದು ಸುಣ್ಣದ ಅಂಶವಿರುವ ಕಲ್ಲು. ಬೇರೆ ಮೀನಿಗೆ ಬೇಡವೆನ್ನುವ ಆ ಕಲ್ಲು ಎಂಬೂನಾಗೆ ಆದೀತು. ಬಿಳಿಗಿರಿರಂಗನ ಬೆಟ್ಟದ, ಮಲೆ ಮಹದೇಶ್ವರ ಬೆಟ್ಟದ ರಕ್ಷಿತ ಕಾಡಿನಿಂದ ಮಾತ್ರ ಒಂದು ಹರಳನ್ನೂ ತರಬಾರದು. ಮನೆ ಕಟ್ಟುವ ಕಡೆ ಬಿದ್ದ ಚೂರುಗಳೇ ಸಾಕು. ಕಲ್ಲು ಜೋಡಿಸುವುದರಲ್ಲೇ ಈ ಕಲೆಯ ಅರ್ಧ ಇದೆ. ಮೊದಲು ಗಾಜಿನ ತಳಕ್ಕೆ ಥರ್ಮಾಕೋಲ್ ಹಾಳೆ, ಅದರ ಮೇಲೆ ಕಲ್ಲು, ಕೊನೆಗೆ ಮರಳು. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಅಡಿಯಲ್ಲಿ ತೋಡುತ್ತದೆ, ಕಲ್ಲು ಉರುಳಿ ಗಾಜು ಒಡೆಯುತ್ತದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಸುಮಾರು 250 ಲೀಟರ್ ಹಿಡಿಯುತ್ತದೆ, ಅದಕ್ಕಿಂತ ಚಿಕ್ಕದು ಬೇಡ. ಈ ಮೀನು ಜಗಳಗಂಟಿ, ಒಂದನ್ನೊಂದು ಕೊಲ್ಲುತ್ತದೆ ಎನ್ನುವವರಿಗೆ ಉತ್ತರವೂ ಈ ಕಲ್ಲಿನಲ್ಲೇ ಇದೆ. ಸರೋವರದಲ್ಲಿ ಗಂಡು ತನ್ನ ಬಂಡೆಯ ಸಂದಿಯನ್ನು ಕಾಯುತ್ತದೆ. ಸೋತ ಮೀನಿಗೆ ಓಡಿಹೋಗಲು ಜಾಗವಿರುತ್ತದೆ. ಟ್ಯಾಂಕಿನಲ್ಲಿ ಕೊಲೆ ಆಗುವುದು ಓಡಲು ಜಾಗವಿಲ್ಲದಾಗ. ಕಣ್ಣಿಗೆ ಕಣ್ಣು ಬೀಳದಂತೆ ಗುಹೆಗಳನ್ನು ಮಾಡಿ, ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಬಿಟ್ಟರೆ ಜಗಳ ಬೆದರಿಕೆಯ ಮಟ್ಟದಲ್ಲೇ ನಿಲ್ಲುತ್ತದೆ.

ಆ ಬಂಡೆಗಳ ಕತೆಯನ್ನೂ ಹೇಳಬೇಕು. ಎರಡು ಬಂಡೆಗುಂಪುಗಳ ನಡುವೆ ಬರೀ ಮರಳಿದ್ದರೆ ಎಂಬೂನಾ ಅದನ್ನು ದಾಟಲು ಅಂಜುತ್ತದೆ. ಹೀಗೆ ಬೇರೆಯಾಗಿ ಉಳಿದ ಗುಂಪುಗಳು ಒಂದೊಂದು ತೀರಕ್ಕೂ ಒಂದೊಂದು ಬಣ್ಣ ತಳೆದಿವೆ. ಆ ಒಂದೇ ಸರೋವರದಲ್ಲಿ 800ಕ್ಕೂ ಹೆಚ್ಚು ಜಾತಿಯ ಸಿಕ್ಲಿಡ್‌ಗಳಿವೆ ಎಂಬ ಅಂದಾಜಿದೆ. ಅದರ ದಕ್ಷಿಣದ ಒಂದು ಭಾಗವನ್ನು 1984ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಮುಖ್ಯವಾಗಿ ಈ ಮೀನುಗಳಿಗಾಗಿ. ಇಷ್ಟರಲ್ಲಿ ನನ್ನ ಮೆಚ್ಚಿನದು ಲ್ಯಾಬಿಡೋಕ್ರೋಮಿಸ್ ಸೆರೂಲಿಯಸ್, ಅಂಗಡಿಯವರ ಬಾಯಲ್ಲಿ ಯೆಲ್ಲೋ ಲ್ಯಾಬ್. ಜೆಫ್ರಿ ಫ್ರೈಯರ್ 1956ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದಾಗ ಅವರ ಮುಂದಿದ್ದದ್ದು ನೀಲಿ ಮಿಶ್ರಿತ ಬಿಳಿ ಮೀನು. ಅಪ್ಪಟ ಹಳದಿ ಮೈ, ಬೆನ್ನಿನ ರೆಕ್ಕೆಗೆ ಕಪ್ಪು ಅಂಚು ಇರುವ ಬಗೆ ಸಿಗುವುದು ಸರೋವರದ ಪಶ್ಚಿಮ ದಡದಲ್ಲಿ, ಲಯನ್ಸ್ ಕೋವ್ ಸುತ್ತಲಿನ ಸಣ್ಣ ತೀರದಲ್ಲಿ. ಎಂಬೂನಾಗಳಲ್ಲಿ ಇದು ಸಾಧು, ಹೊಸಬರಿಗೆ ಹೇಳಿ ಮಾಡಿಸಿದ್ದು. ಇದು ಮೊಟ್ಟೆಯಿಡುವ ಕ್ರಮವನ್ನು ನೋಡಬೇಕು. ಹೆಣ್ಣು ಕೆಲವೇ ಮೊಟ್ಟೆ ಇಟ್ಟು, ತಿರುಗಿ, ತಕ್ಷಣ ಬಾಯಿಗೆ ತುಂಬಿಕೊಳ್ಳುತ್ತದೆ. ಗಂಡಿನ ಕೆಳರೆಕ್ಕೆಯ ಮೇಲೆ ಮೊಟ್ಟೆಯಂತೆ ಕಾಣುವ ಹಳದಿ ಚುಕ್ಕೆಗಳಿವೆ. ಹೆಣ್ಣು ಅವನ್ನೂ ಎತ್ತಿಕೊಳ್ಳಲು ಬಾಯಿಡುತ್ತದೆ, ಆಗ ಬಾಯೊಳಗಿನ ಮೊಟ್ಟೆಗಳು ಫಲಿತವಾಗುತ್ತವೆ. ಇದನ್ನು ಹೀಗೆ ವಿವರಿಸಿದ್ದು ಜರ್ಮನಿಯ ವೋಲ್ಫ್‌ಗಾಂಗ್ ವಿಕ್ಲರ್, 1962ರಲ್ಲಿ. ಮುಂದೆ ಟ್ಯಾಂಗನ್ಯೀಕ ಸರೋವರದ ಸೀಮೆಯ ಒಂದು ನೆಂಟ ಮೀನಿನ ಮೇಲೆ ನಡೆದ ಪ್ರಯೋಗಗಳಲ್ಲಿ, ಆ ಚುಕ್ಕೆ ಎದುರಾಳಿ ಗಂಡನ್ನು ಬೆದರಿಸಲೂ ಒದಗುತ್ತದೆ ಎಂದು ಕಂಡುಬಂತು. ಎರಡೂ ಇರಬಹುದು, ಒಂದು ಇನ್ನೊಂದನ್ನು ಅಲ್ಲಗಳೆಯಬೇಕಾಗಿಲ್ಲ. ಮೊಟ್ಟೆ ಬಾಯಿ ಸೇರಿದಲ್ಲಿಂದ ಸುಮಾರು ಮೂರು ವಾರ ತಾಯಿ ಹೆಚ್ಚುಕಡಿಮೆ ಉಪವಾಸ. ಗಂಟಲು ಉಬ್ಬಿರುತ್ತದೆ, ಬಾಯಿ ಮೆಲ್ಲಗೆ ಆಡಿಸುತ್ತ ಮೊಟ್ಟೆಗಳಿಗೆ ಹೊಸ ನೀರು ಉಣಿಸುತ್ತಿರುತ್ತದೆ. ಕೊನೆಗೆ ಹೊರಬರುವುದು ಈಜಬಲ್ಲ, ತಾನೇ ತಿನ್ನಬಲ್ಲ, ಸೆಂಟಿಮೀಟರ್ ಉದ್ದದ ಹಳದಿ ಮರಿ. ಸಾವಿರಗಟ್ಟಲೆ ಮೊಟ್ಟೆ ಚೆಲ್ಲಿ ಹೋಗುವ ಮೀನುಗಳ ನಡುವೆ, ಹತ್ತಿಪ್ಪತ್ತನ್ನೇ ಕಾಪಾಡುವ ಈ ಬದುಕು ಕಾಣಲು ಆಫ್ರಿಕಾಗೆ ಹೋಗಬೇಕಿಲ್ಲ, ನಮ್ಮ ನಡುಮನೆ ಸಾಕು.

ಪರದೇಶದ ಮೀನೇ ಏಕೆ, ನಮ್ಮದೇ ಸಿಕ್ಲಿಡ್ ಇಲ್ಲವೇ ಎಂದು ಕೇಳುವುದು ನ್ಯಾಯ. ಇದೆ. ಭಾರತದ ಮೂರು ಸ್ವದೇಶಿ ಸಿಕ್ಲಿಡ್‌ಗಳಲ್ಲಿ ಒಂದಾದ ಎಟ್ರೋಪ್ಲಸ್ ಕೆನರೆನ್ಸಿಸ್ ನಮ್ಮ ದಕ್ಷಿಣ ಕನ್ನಡದ ಹೊಳೆಗಳದ್ದು. ಫ್ರಾನ್ಸಿಸ್ ಡೇ ಅದನ್ನು 1877ರಲ್ಲಿ ವರ್ಣಿಸಿದ. ಇವುಗಳ ಹತ್ತಿರದ ನೆಂಟರು ಇರುವುದು ಮಡಗಾಸ್ಕರ್‌ನಲ್ಲಿ, ಅದೇ ಒಂದು ಗಂಟೆಯ ಮಾತಿಗೆ ಸಾಕು! ಆದರೆ ಅದು ಹರಿಯುವ ಮೆದು ನೀರಿನ, ಕಿರಿದಾದ ನೆಲೆಯ ಮೀನು. ಅದನ್ನು ಹೊಳೆಯಿಂದ ಹಿಡಿದು ತಂದು ಹನೂರಿನ ನೀರಿಗೆ ಬಿಡುವುದು ಹೊಳೆಗೂ ನಷ್ಟ, ಮೀನಿಗೂ ಹಿಂಸೆ. ಯೆಲ್ಲೋ ಲ್ಯಾಬ್ ಹಾಗಲ್ಲ, ಎಷ್ಟೋ ತಲೆಮಾರಿನಿಂದ ಟ್ಯಾಂಕಿನಲ್ಲೇ ಹುಟ್ಟಿ ಬೆಳೆದದ್ದು. ಅದನ್ನು ಕೊಂಡರೆ ಮಲಾವಿಯಲ್ಲಿ ಒಂದು ಮೀನೂ ಕಡಿಮೆಯಾಗುವುದಿಲ್ಲ.

ಇದಕ್ಕಿಂತ ದೊಡ್ಡ ಆಕ್ಷೇಪವೊಂದಿದೆ, ಅದಕ್ಕೆ ಸಾಕ್ಷಿ ನಮ್ಮ ಕೆರೆಗಳಲ್ಲೇ ಇದೆ. ನಾವು ಜಿಲೇಬಿ ಎನ್ನುವ ಮೀನೂ ಆಫ್ರಿಕಾದ ಸಿಕ್ಲಿಡ್ಡೇ, ಅದೂ ಬಾಯಲ್ಲಿ ಮೊಟ್ಟೆ ಹೊರುವುದೇ. 1952ರಲ್ಲಿ ಆಹಾರಕ್ಕೆಂದು ಭಾರತಕ್ಕೆ ತಂದದ್ದು ಕಾವೇರಿಯುದ್ದಕ್ಕೂ ಹಬ್ಬಿ, ಊರಿನ ಮೀನುಗಳ ಜಾಗ ಕಸಿಯಿತು. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮ ಗಡಸು ನೀರು ಎಂಬೂನಾಗೆ ಒಗ್ಗುತ್ತದೆ ಎಂದು ನಾನು ಹೇಳಿದ್ದು ನಿಜವಾದರೆ, ಗುಂಡಾಲ್ ಜಲಾಶಯದಲ್ಲೂ ಸುವರ್ಣಾವತಿಯಲ್ಲೂ ಅದು ಬದುಕೀತು ಎಂಬ ಭಯವೂ ನಿಜ. ಆದ್ದರಿಂದ ಹೆಚ್ಚಾದ ಮರಿಯನ್ನು ಅಂಗಡಿಗೆ ಕೊಡಿ, ಇನ್ನೊಬ್ಬ ಸಾಕುವವರಿಗೆ ಕೊಡಿ. ಕೆರೆಗೆ ಒಂದನ್ನೂ ಬಿಡಬೇಡಿ. ಇದನ್ನು ಪಾಲಿಸಲಾಗದವರು ಈ ಮೀನನ್ನು ತರುವುದೇ ಬೇಡ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಚೆನ್ನೈನ ಕೊಳತ್ತೂರಿನಂಥ ಪೇಟೆಗಳಿಂದ ಬರುವ ‘ಮಿಕ್ಸೆಡ್ ಆಫ್ರಿಕನ್’ ಪೊಟ್ಟಣದಿಂದ ತಳಿ ಮಾಡಬೇಡಿ. ಎಂಬೂನಾಗಳು ಜಾತಿ ಬೆರೆಸಿ ಮರಿ ಹಾಕುತ್ತವೆ, ರೆಡ್ ಜೀಬ್ರಾ ಎಂಬ ಇನ್ನೊಂದು ಎಂಬೂನಾ ಜೊತೆ ಕೂಡಿದ ಯೆಲ್ಲೋ ಲ್ಯಾಬ್‌ನ ಮರಿಯನ್ನೇ ಅಪ್ಪಟವೆಂದು ಮಾರುವುದುಂಟು. ಒಂದು ಟ್ಯಾಂಕಿಗೆ ಒಂದೇ ಜಾತಿ, ಆರೇಳು ಎಳೆಯ ಮೀನು, ಅಷ್ಟೇ. ಮೇವು ಸ್ಪಿರುಲಿನಾ, ಬೇಯಿಸಿದ ಬಟಾಣಿ, ಸೌತೆಕಾಯಿ. ಮಾಂಸ ಬೇಡ, ಹೊಟ್ಟೆ ಉಬ್ಬಿ ಸಾಯಬಹುದು. ಮೊಟ್ಟೆ ಹೊತ್ತ ತಾಯಿಯನ್ನು ಬೇರೆ ತೊಟ್ಟಿಗೆ ಹಾಕುವುದಾದರೆ ಎರಡನೇ ವಾರ ಕಳೆದ ಮೇಲೆ, ಅದೂ ದೀಪ ಆರಿಸಿ. ಗಾಬರಿಯಾದರೆ ಮೊಟ್ಟೆ ಉಗುಳಿಬಿಡುತ್ತದೆ. ಮರಿ ಬಿಟ್ಟ ಮೇಲೆ ತಾಯಿಯನ್ನು ಕೂಡಲೇ ಗಂಡಿನ ಬಳಿಗೆ ಬಿಡದೆ, ನಾಲ್ಕಾರು ದಿನ ಹೊಟ್ಟೆತುಂಬ ಉಣ್ಣಲು ಬಿಡಿ.