ಕುಕೀಯ ಹದ

ಮೂರು ದಶಕಕ್ಕೂ ಹೆಚ್ಚು ಕಾಲ ಹಳಗನ್ನಡ ಕಾವ್ಯವನ್ನು ಪಾಠ ಹೇಳಿದವನು ಇಂದು ಚಾಕೊಲೇಟ್ ಕುಕೀ ಮಾಡುವ ಬಗೆಯನ್ನು ಕುರಿತು ಮಾತನಾಡಲು ಹೊರಟಿದ್ದಾನೆಂದು ಕೇಳಿ ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ನಗಲಿ. ಪಂಪನನ್ನು ಪಾಠ ಮಾಡುವಾಗ ನಾನು ಎಂದೂ ಕೈ ಸುಟ್ಟುಕೊಂಡವನಲ್ಲ. ಇಲ್ಲಿ ಎರಡು ಸಲ ಸುಟ್ಟುಕೊಂಡಿದ್ದೇನೆ. ಆದಕಾರಣ ಈ ವಿಷಯದಲ್ಲಿ ನನ್ನ ಅಧಿಕಾರ ತುಸು ಹೆಚ್ಚೆಂದೇ ಭಾವಿಸಿದ್ದೇನೆ.

2023ರ ಶರತ್ಕಾಲದಲ್ಲಿ ನಾನೂ ನನ್ನ ಹೆಂಡತಿಯೂ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಗಳ ಮನೆಯಲ್ಲಿದ್ದೆವು. ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ನಾವಾಡುವ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಕಥೆ ಹೇಳಿ ನೋಡಿದೆ, ಪದ್ಯ ಬಾಯಿಪಾಠ ಮಾಡಿಸಲು ನೋಡಿದೆ, ಒಂದು ದಿನ ಗದರಿಯೂ ನೋಡಿದೆ. ಗದರಿದ ದಿನ ಅವಳು ಇಂಗ್ಲಿಷನ್ನೂ ಆಡಲಿಲ್ಲ.

ಒಂದು ಶನಿವಾರ ಮಗಳು ನಮ್ಮನ್ನು ಲ್ಯಾಂಕಾಸ್ಟರ್ ಕೌಂಟಿಗೆ ಕರೆದೊಯ್ದಳು. ಅದು ಆಮಿಶ್ ಜನ ನೆಲೆಸಿರುವ ನಾಡು. 1693ರ ಸುಮಾರಿಗೆ ಯಾಕೋಬ್ ಅಮ್ಮಾನ್ ಎಂಬ ಧರ್ಮಗುರುವನ್ನು ಅನುಸರಿಸಿ, ಸ್ವಿಟ್ಜರ್ಲೆಂಡ್ ಮತ್ತು ಆಲ್ಸೇಸ್ ಸೀಮೆಗಳಲ್ಲಿ ಬೇರೆಯಾಗಿ ನಿಂತ ಕ್ರೈಸ್ತ ಪಂಗಡವಿದು. ಧರ್ಮದ ಕಾರಣಕ್ಕೆ ಪೀಡನೆಗೊಳಗಾಗಿ ಹದಿನೆಂಟನೆಯ ಶತಮಾನದಲ್ಲಿ ಕಡಲು ದಾಟಿ ಪೆನ್ಸಿಲ್ವೇನಿಯಾಕ್ಕೆ ಬಂದರು. ಇಂದಿಗೂ ಕುದುರೆಗಾಡಿಯಲ್ಲಿ ಓಡಾಡುತ್ತಾರೆ. ಊರಿನ ವಿದ್ಯುತ್ ತಂತಿಯನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಹಾಗೆಂದು ಹೊಸತನ್ನೆಲ್ಲ ಕಣ್ಣುಮುಚ್ಚಿ ದೂಡುವವರೆಂದು ತಿಳಿಯಬಾರದು. ಲ್ಯಾಂಕಾಸ್ಟರಿನ ಎಷ್ಟೋ ಆಮಿಶ್ ಮನೆಗಳಲ್ಲಿ ಅನಿಲದ ಒಲೆಯೂ ಅನಿಲದಿಂದಲೇ ನಡೆಯುವ ತಂಪುಪೆಟ್ಟಿಗೆಯೂ ಉಂಟು. ಯಾವುದು ಬರಬಹುದು, ಯಾವುದು ಬಂದರೆ ಮನೆ ಒಡೆದೀತು ಎಂಬುದನ್ನು ಸಮುದಾಯ ಕೂಡಿ ಅಳೆದು ನೋಡುತ್ತದೆ.

ದಾರಿಯ ಬದಿಯಲ್ಲಿ ಒಂದು ಮೇಜು; ಅದರ ಮೇಲೆ ಕುಂಬಳಕಾಯಿ, ಉಪ್ಪಿನಕಾಯಿಯ ಜಾಡಿ, ಸಣ್ಣ ಚೀಲಗಳಲ್ಲಿ ಕುಕೀ. ಮೊಟ್ಟೆ ಹಾಕಿದ್ದಾರೆಯೇ ಎಂದು ನನ್ನ ಹೆಂಡತಿ ಕೇಳಿ, ತಿಳಿದು, ಹಿಂದಕ್ಕಿಟ್ಟಳು. ನಾನು ಕೇಳದೆ ತಿಂದೆ. ಅಂಚು ಗರಿಗರಿ, ನಡುವೆ ಮೆದು, ಅಲ್ಲಲ್ಲಿ ಚಾಕೊಲೇಟಿನ ಹರಳು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರುಚಿಯಲ್ಲ. ಮೇಜಿನ ಹಿಂದೆ ಕುಳಿತಿದ್ದ ಇಬ್ಬರು ಹುಡುಗಿಯರು ತಮ್ಮತಮ್ಮಲ್ಲಿ ಮಾತನಾಡುತ್ತಿದ್ದುದು ಇಂಗ್ಲಿಷಲ್ಲ. ಅದನ್ನು ಪೆನ್ಸಿಲ್ವೇನಿಯಾ ಡಚ್ ಎನ್ನುತ್ತಾರೆ. ಹೆಸರು ಡಚ್ ಆದರೂ ಹಾಲೆಂಡಿನ ನುಡಿಯಲ್ಲ, ಜರ್ಮನ್ನಿನ ಒಂದು ಬಗೆ. ಅವರು ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಾರೆ, ಧರ್ಮಗ್ರಂಥಕ್ಕೆ ಗ್ರಾಂಥಿಕ ಜರ್ಮನ್ ಉಂಟು. ಮನೆಯ ಈ ನುಡಿಗೆ ಬರಹದ ಆಸರೆ ತೀರ ಕಡಮೆ. ಆದರೂ ಸುತ್ತ ಇಂಗ್ಲಿಷಿನ ಕಡಲಿರುವಾಗ ಸುಮಾರು ಮುನ್ನೂರು ವರ್ಷ ಉಳಿದು ಬಂದಿದೆ. ಸಾವಿರ ವರ್ಷದ ಸಾಹಿತ್ಯವನ್ನು ಬೆನ್ನಿಗೆ ಕಟ್ಟಿಕೊಂಡು ಹೋದ ನಾನು ಒಂಬತ್ತು ವರ್ಷದ ಒಂದು ಮಗುವಿನ ಬಾಯಿಂದ ಒಂದು ವಾಕ್ಯ ಹೊರಡಿಸಲಾರದೆ ನಿಂತಿದ್ದೆ. ಹಿಂತಿರುಗುವಾಗ ಕಾರಿನಲ್ಲಿ ನಾನು ಹೆಚ್ಚು ಮಾತನಾಡಲಿಲ್ಲ.

ಮರುದಿನ ಮೊಮ್ಮಗಳು ಅದೇ ಕುಕೀ ಮನೆಯಲ್ಲಿ ಮಾಡಬೇಕೆಂದು ಹಟ ಹಿಡಿದಳು. ಮಗಳಿಗೆ ಕಚೇರಿಯ ಕೆಲಸವಿತ್ತು, ನಾನು ಸಿಕ್ಕಿದೆ.

ಇಲ್ಲಿ ಒಂದು ಮಾತು. ಈ ಕುಕೀ ಆಮಿಶರ ಪುರಾತನ ಸ್ವತ್ತೇನೂ ಅಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ವಿಟ್‌ಮನ್ ಎಂಬ ಊರಿನಲ್ಲಿ ಟೋಲ್ ಹೌಸ್ ಎಂಬ ಊಟದ ಮನೆಯನ್ನು ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಎಂಬಾಕೆ 1930ರ ದಶಕದಲ್ಲಿ ಇದನ್ನು ರೂಪಿಸಿದಳು; 1938ರಲ್ಲಿ ಆಕೆಯ ಅಡುಗೆಯ ಪುಸ್ತಕದಲ್ಲಿ ಅಚ್ಚಾಯಿತು. ಚಾಕೊಲೇಟ್ ಕೈತಪ್ಪಿ ಹಿಟ್ಟಿಗೆ ಬಿದ್ದು ಆದದ್ದೆಂದು ಒಂದು ಕಥೆ ಉಂಟು. ಪಾಕಶಾಸ್ತ್ರವನ್ನು ಓದಿ ಕಲಿತ ಹೆಂಗಸಿನ ಬುದ್ಧಿವಂತಿಕೆಯನ್ನು ಆಕಸ್ಮಿಕವೆಂದು ತಳ್ಳಿಹಾಕುವ ಇಂಥ ಕಥೆಗಳನ್ನು ನಾನು ನಂಬುವುದಿಲ್ಲ. ಚಾಕೊಲೇಟ್ ಪೊಟ್ಟಣದ ಮೇಲೆಯೇ ವಿಧಾನ ಅಚ್ಚಾದ ಮೇಲೆ ಅದು ದೇಶದ ಮನೆಮನೆಗೂ ಹೋಯಿತು. ಆಮಿಶರ ಅಡುಗೆಮನೆಗೂ ಹೋಯಿತು. ಅವರ ಭಾನುವಾರದ ಪ್ರಾರ್ಥನೆ ಯಾರಾದರೊಬ್ಬರ ಮನೆಯಲ್ಲೇ ನಡೆಯುತ್ತದೆ. ಆಮೇಲೆ ಎಲ್ಲರಿಗೂ ಊಟ. ಅಂಥ ಪಂಕ್ತಿಗೆ ಡಬ್ಬಿಗಟ್ಟಲೆ ಮಾಡಿಡಬಹುದಾದ ತಿಂಡಿ ಯಾರಿಗೆ ಬೇಡ?

ಇಪ್ಪತ್ತನಾಲ್ಕು ಕುಕೀಗೆ ಅಳತೆ ಹೀಗೆ. ಮೈದಾ 150 ಗ್ರಾಂ, ಬೆಣ್ಣೆ 115 ಗ್ರಾಂ, ಕಂದು ಸಕ್ಕರೆ 100 ಗ್ರಾಂ, ಬಿಳಿ ಸಕ್ಕರೆ 50 ಗ್ರಾಂ, ಒಂದು ಮೊಟ್ಟೆ, ಅರ್ಧ ಟೀ ಚಮಚ ಅಡುಗೆ ಸೋಡಾ, ಕಾಲು ಚಮಚ ಉಪ್ಪು, ಒಂದು ಚಮಚ ವೆನಿಲಾ, ಚಾಕೊಲೇಟ್ ಹರಳು 170 ಗ್ರಾಂ. ಮೊದಲು ಬೆಣ್ಣೆ ಸಕ್ಕರೆಗಳನ್ನು ಬಣ್ಣ ತಿಳಿಯಾಗುವವರೆಗೆ ಮರದ ಸೌಟಿನಿಂದ ತಿರುವಬೇಕು. ಗಾಳಿ ಒಳಸೇರುವುದು ಆಗಲೇ. ಕಂದು ಸಕ್ಕರೆಯೆಂದರೆ ಕಾಕಂಬಿ ಉಳಿದಿರುವ ಸಕ್ಕರೆ. ಅದರ ಪಸೆಯೇ ಕುಕೀಯನ್ನು ಮೆದುವಾಗಿಡುತ್ತದೆ. ಅದರ ನಸುಹುಳಿಯೇ ಸೋಡಾವನ್ನು ಎಚ್ಚರಿಸುತ್ತದೆ. ಆಮೇಲೆ ಮೊಟ್ಟೆ, ವೆನಿಲಾ. ಸೋಡಾ ಉಪ್ಪು ಬೆರೆತ ಮೈದಾ ಕೊನೆಗೆ.

ನಾನು ಎಡವಿದ್ದು ಇಲ್ಲಿ. ಹಿಟ್ಟೆಂದರೆ ನಾದುವುದು ಎಂಬುದು ನಮ್ಮ ಸಂಸ್ಕಾರ. ಚಪಾತಿಗೆ ನಾದುವಂತೆ ಅಂಗೈ ಒತ್ತಿ ನಾದತೊಡಗಿದೆ. ನಾದಿದಷ್ಟೂ ಮೈದಾದ ಜಿಗುಟು ಬಲಿಯುತ್ತದೆ. ಚಪಾತಿಗೆ ಅದು ಗುಣ, ಕುಕೀಗೆ ದೋಷ. ಮೊಮ್ಮಗಳು ಇಂಗ್ಲಿಷಿನಲ್ಲಿ ಎರಡು ಸಲ ಎಚ್ಚರಿಸಿದಳು, ನಾನು ಲಕ್ಷಿಸಲಿಲ್ಲ. ಮೂರನೆಯ ಸಲ ನನ್ನ ಮುಂಗೈ ಹಿಡಿದು, “ತಾತ, ಸಾಕು! ಗಟ್ಟಿ ಆಗತ್ತೆ!” ಎಂದು ಕೂಗಿದಳು. ಆ ಮಾತನ್ನು ಇನ್ನೊಮ್ಮೆ ಕೇಳುವ ಆಸೆಯಿಂದ ಬೇಕೆಂದೇ ಇನ್ನೂ ನಾಲ್ಕು ಸುತ್ತು ನಾದಿದೆನೆಂದು ಒಪ್ಪಿಕೊಳ್ಳುತ್ತೇನೆ. ಕುಕೀ ಗಟ್ಟಿಯಾಯಿತು.

“ಹದ ತಪ್ಪಿತು” ಎಂದೆ. ಹದ ಎಂದರೇನು ಎಂದಳು. ತರಗತಿಯಲ್ಲಾಗಿದ್ದರೆ ನಿಘಂಟಿನ ಅರ್ಥ ಹೇಳಿ ಮುಂದೆ ಹೋಗುತ್ತಿದ್ದೆ. ಇಲ್ಲಿ ಹೇಳಲು ಹೋಗಿ ತಡವರಿಸಿದೆ. ಮಳೆ ಬಿದ್ದ ನೆಲ ಬಿತ್ತನೆಗೆ ಹದಕ್ಕೆ ಬರುತ್ತದೆ. ಬೆಲ್ಲದ ಪಾಕಕ್ಕೆ ಹದ ಉಂಟು. ತೊಗಲನ್ನು ಹದ ಮಾಡುತ್ತಾರೆ. ಕತ್ತಿಗೂ ಹದ ಹಿಡಿಸುತ್ತಾರೆ. ಇವಕ್ಕೆಲ್ಲ ಒಂದೇ ಇಂಗ್ಲಿಷ್ ಮಾತು ನನಗೆ ದೊರೆಯಲಿಲ್ಲ. ಎರಡನೆಯ ಸಲ ಅವಳೇ ಕಲಸಿದಳು. ಹಿಟ್ಟಿನ ಬಿಳಿ ಮರೆಯಾದ ಕೂಡಲೇ ಸೌಟು ನಿಲ್ಲಿಸಿ, ಮುಟ್ಟಿ ನೋಡೆಂದು ಪಾತ್ರೆಯನ್ನು ನನ್ನತ್ತ ನೂಕಿದಳು. ಬೆರಳಿಗೆ ಅಂಟಿಯೂ ಅಂಟದಂತಿತ್ತು. ಅರ್ಧ ಗಂಟೆ ತಂಪಿನಲ್ಲಿಟ್ಟು, ನೆಲ್ಲಿಕಾಯಿ ಗಾತ್ರದ ಉಂಡೆಗಳನ್ನು ದೂರದೂರ ಇರಿಸಿ, 175 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ಹನ್ನೊಂದು ನಿಮಿಷ ಬೇಯಿಸಿದೆವು. ನಡುಭಾಗ ಇನ್ನೂ ಬೆಂದಿಲ್ಲವೇನೋ ಎನಿಸುವಾಗಲೇ ಹೊರತೆಗೆಯಬೇಕು. ಉಳಿದದ್ದನ್ನು ಬಿಸಿ ತಟ್ಟೆಯೇ ಮುಗಿಸುತ್ತದೆ. ಪೂರ್ತಿ ಬೇಯಲೆಂದು ಕಾಯುವ ನಮ್ಮ ಜಾಗರೂಕತೆಯೇ ಇಲ್ಲಿ ಶತ್ರು. ಕೈ ಸುಟ್ಟದ್ದೂ ಆಗಲೇ.

ಆ ಮನೆಯಲ್ಲಿ ಕನ್ನಡವನ್ನು ನಾನು ಪಾಠವಾಗಿ ಕೊಡಲು ಹೋಗಿದ್ದೆ. ಅದಕ್ಕೊಂದು ಕೆಲಸ ಕೊಟ್ಟಿರಲಿಲ್ಲ. ಹಾಗೆಂದು ಹುಡುಗಿ ಕನ್ನಡ ಕಲಿತಳೆಂದು ನಾನು ಸಾರುತ್ತಿಲ್ಲ. ನಾವು ಹೊರಡುವ ಹೊತ್ತಿಗೆ ಸಾಕು, ಹದ, ತಿರುವು, ಸೀದಿದೆ, ಇನ್ನೊಂದು ಕೊಡು ಇಂಥ ನಲವತ್ತು ಐವತ್ತು ಮಾತು ಅಡುಗೆಮನೆಯಲ್ಲಿ ಓಡಾಡುತ್ತಿದ್ದವು. ಹೊಸ್ತಿಲು ದಾಟಿದರೆ ಮತ್ತೆ ಇಂಗ್ಲಿಷೇ.

ಮೈಸೂರಿಗೆ ಬಂದ ಮೇಲೆ ಒಂದು ಸಣ್ಣ ಓವನ್ ಕೊಂಡೆ. “ಏನು ಬೇಕಾದರೂ ಮಾಡಿಕೊಳ್ಳಿ, ಮೊಟ್ಟೆ ಮಾತ್ರ ಒಳಗೆ ತರಬೇಡಿ” ಎಂದಳು ನನ್ನ ಹೆಂಡತಿ. ಮೊಟ್ಟೆಯ ಬದಲು ಮೂರು ದೊಡ್ಡ ಚಮಚ ಗಟ್ಟಿ ಮೊಸರು, ಕಂದು ಸಕ್ಕರೆಯ ಬದಲು ಜರಡಿ ಹಿಡಿದ ಬೆಲ್ಲದ ಪುಡಿ. ಬೆಲ್ಲದ ಕುಕೀ ಬೇಗ ಕಪ್ಪಾಗುತ್ತದೆ, ಒಂದು ನಿಮಿಷ ಮೊದಲೇ ತೆಗೆಯಬೇಕು. ಲ್ಯಾಂಕಾಸ್ಟರಿನ ರುಚಿ ಬರಲಿಲ್ಲ. ತುಸು ಕೇಕಿನಂತೆ ಮೆತ್ತಗಾಯಿತು. ಮೇಜಿನ ಬಳಿ ಹಿಂದಕ್ಕಿಟ್ಟಿದ್ದವಳು ಇದರಲ್ಲಿ ಎರಡು ತಿಂದು, ಉಳಿದದ್ದನ್ನು ಕೋಡುಬಳೆಯ ಡಬ್ಬಿಯ ಪಕ್ಕದಲ್ಲಿಟ್ಟಳು.

ಮೊಮ್ಮಗಳು ವಾರಕ್ಕೊಮ್ಮೆ ದೂರವಾಣಿಯಲ್ಲಿ ಮುಖ ತೋರಿಸುತ್ತಾಳೆ. ಶಾಲೆಯ ಸಮಾಚಾರವೆಲ್ಲ ಇಂಗ್ಲಿಷಿನಲ್ಲಿ. ಕಳೆದ ವಾರ ನಾನು ಹಿಟ್ಟಿನ ಪಾತ್ರೆಯನ್ನು ದೂರವಾಣಿಗೆ ಹಿಡಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, “ಇನ್ನೂ ಹದ ಬಂದಿಲ್ಲ, ತಾತ” ಎಂದಳು. ನಾನು ಮತ್ತೆ ಎರಡು ಚಮಚ ಮೈದಾ ಹಾಕಿದೆ.