ದೊಡ್ಡವರಿಗೆ ನಟನೆ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು

ನೌಕರಿ, ಸಂಸಾರದ ನಡುವೆ ಬಿಡುವು ಮಾಡಿಕೊಂಡು ಬರುವ ದೊಡ್ಡವರಿಗಾಗಿ ನಗರಗಳಲ್ಲಿ ಈಗ ನಟನೆಯ ಶಿಬಿರಗಳು ನಡೆಯುತ್ತವೆ. ಬ್ಯಾಂಕಿನವರು, ಗೃಹಿಣಿಯರು, ನಿವೃತ್ತರು ಬರಿಗಾಲಲ್ಲಿ ವೃತ್ತಾಕಾರವಾಗಿ ನಿಂತು ಮಕ್ಕಳಂತೆ ಆಡುತ್ತಾರೆ. ಇದೆಲ್ಲ ಪಶ್ಚಿಮದಿಂದ ಬಂದದ್ದು ಎನ್ನುವವರುಂಟು. ಆ ಆಟಗಳ ಮಟ್ಟಿಗೆ ಅದು ಸರಿಯಿರಬಹುದು. ಆದರೆ ಎಂದೂ ಬಣ್ಣ ಹಚ್ಚದ ದೊಡ್ಡವರಿಗೆ ನಟನೆ ಕಲಿಸುವ ಶಾಲೆ ಮಂಡ್ಯ, ತುಮಕೂರು, ಹಾಸನದ ಕಡೆಯ ಹಳ್ಳಿಗಳಿಗೆ ಹೊಸದೇನಲ್ಲ. ಅದಕ್ಕೆ ಶಾಲೆ ಎಂಬ ಹೆಸರಿಲ್ಲ, ಅಷ್ಟೇ.

ಊರಿನವರು ಸೇರಿ ‘ಕುರುಕ್ಷೇತ್ರ’ ಆಡಬೇಕೆಂದು ತೀರ್ಮಾನಿಸುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ. ರಾತ್ರಿ ಊಟವಾದ ಮೇಲೆ ದೇವಸ್ಥಾನದ ಜಗಲಿಯಲ್ಲೋ ಶಾಲೆಯ ಕೊಠಡಿಯಲ್ಲೋ ತಾಲೀಮು, ಅದೂ ತಿಂಗಳುಗಟ್ಟಲೆ. ಹಗಲು ಗದ್ದೆಯಲ್ಲಿ ದುಡಿದವನು ರಾತ್ರಿ ದುರ್ಯೋಧನನ ಮಾತು ಒಪ್ಪಿಸಬೇಕು. ಓದು ಬಾರದವರಿಗೆ ಇನ್ನೊಬ್ಬರು ಓದಿ ಹೇಳಿ ಬಾಯಿಪಾಠ ಮಾಡಿಸುತ್ತಾರೆ.

ಮೇಷ್ಟ್ರ ಈ ವಿದ್ಯೆಯ ಮೂಲ ವೃತ್ತಿನಾಟಕ ಕಂಪನಿಗಳಲ್ಲಿದೆ. ಗುಬ್ಬಿ ವೀರಣ್ಣನವರ (1891–1972) ಕಂಪನಿ ತನ್ನ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಹಳ್ಳಿಗೆ ಆನೆ ಬರಲಿಲ್ಲ. ಹಾಡಿನ ಮಟ್ಟು, ಮಾತಿನ ಧಾಟಿ, ರಂಗಕ್ಕೆ ಬರುವ ನಡಿಗೆ ಬಂದವು. ಕಂಪನಿಗಳ ಕಾಲ ಇಳಿದ ಮೇಲೂ ಅವು ಅಲ್ಲಿ ಉಳಿದವು.

ದೊಡ್ಡವರಿಗೆ ನಟನೆ ಕಲಿಸುವಾಗ ಎದುರಾಗುವ ತೊಡಕು ನೆನಪಿನದಲ್ಲ, ನಾಚಿಕೆಯದು. ಹುಲಿಯಾಗು ಎಂದರೆ ಮಗು ಹುಲಿಯಾಗುತ್ತದೆ. ನಲವತ್ತರ ಗೃಹಸ್ಥ ಮೊದಲು ಅಕ್ಕಪಕ್ಕ ನೋಡುತ್ತಾನೆ. ಮೇಷ್ಟ್ರು ಇದಕ್ಕೆ ಕಂಡುಕೊಂಡ ಉಪಾಯ ಹಾಡು. ಕಂದವನ್ನೋ ವೃತ್ತವನ್ನೋ ಶ್ರುತಿಗೆ ಹಿಡಿದು ನಿಲ್ಲಿಸುವುದರಲ್ಲೇ ಮನಸ್ಸು ಮುಳುಗಿದಾಗ, ಯಾರು ನೋಡುತ್ತಿದ್ದಾರೆಂಬುದು ಮರೆತುಹೋಗುತ್ತದೆ. ಕಂಠ ತೆರೆದ ಮೇಲೆ ಮಾತು. ಮಾತು ಬಂದ ಮೇಲೆ ಗದೆ. ನಗರದ ಶಿಬಿರದ ಆಟಗಳೂ ಮಾಡುವುದು ಇದೇ ಕೆಲಸವನ್ನು. ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ಮೇಷ್ಟ್ರು ಸಿದ್ಧ ಅಚ್ಚೊಂದನ್ನು ಕೊಡುತ್ತಾರೆ. ಒಂದೂರಿನ ದುರ್ಯೋಧನ ಇನ್ನೊಂದೂರಿನವನ ಹಾಗೇ ನಗುತ್ತಾನೆ. ಶಿಬಿರ ಅಚ್ಚು ಕೊಡದೆ, ನಿನ್ನದನ್ನು ನೀನೇ ಹುಡುಕು ಎನ್ನುತ್ತದೆ. ಹೊಸಬನಿಗೆ ಅಚ್ಚಿನಿಂದ ಬರುವ ಧೈರ್ಯ ಸಣ್ಣದಲ್ಲ. ಅದನ್ನು ಹಳತೆಂದು ಹೀಗಳೆಯುವುದು ಅವಸರದ ಮಾತು.

ಹಾಗೆಂದು ಹಳ್ಳಿಯ ಪದ್ಧತಿಯನ್ನು ಹಾಡಿ ಹೊಗಳಿ ಸುಮ್ಮನಾಗುವಂತಿಲ್ಲ. ಅಲ್ಲಿ ಪಾರ್ಟಿಗೆ ಇಷ್ಟೆಂದು ಹಣ ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ದೂತನಿಗೆ ಕಡಿಮೆ. ಒಳ್ಳೆಯ ಕಂಠವಿದ್ದೂ ಕೈಯಲ್ಲಿ ಕಾಸಿಲ್ಲದವನಿಗೆ ಸಣ್ಣ ಪಾರ್ಟೇ ಗತಿ. ದುಡ್ಡಿದ್ದು ಕಂಠವಿಲ್ಲದವನನ್ನು ಕೃಷ್ಣನನ್ನಾಗಿ ಮಾಡುವ ಪಾಡು ಮೇಷ್ಟ್ರದು. ಹೆಂಗಸರಿಗಂತೂ ಪ್ರವೇಶವೇ ಇರಲಿಲ್ಲ. ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ವೃತ್ತಿನಟಿಯನ್ನು ಕರೆಸುತ್ತಿದ್ದರು. ಊರಿನ ಹೆಣ್ಣುಮಕ್ಕಳು ಚಾಪೆ ಹಾಸಿಕೊಂಡು ನೋಡುವವರು. ಊರಿಗೆಲ್ಲ ಸೇರಿದ ನಾಟಕ ಎನ್ನುತ್ತಲೇ ಅರ್ಧ ಊರನ್ನು ತಾಲೀಮಿನಿಂದ ಹೊರಗಿಟ್ಟದ್ದನ್ನು ಮರೆಯಬಾರದು.

ಮಲೆನಾಡಿನ ಹೆಗ್ಗೋಡಿನದು ಬೇರೆ ದಾರಿ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಅಡಿಕೆ ತೋಟದ ಜನರ ಹವ್ಯಾಸಿ ಬಳಗವಾಗಿಯೇ ಬೆಳೆಯಿತು. ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವೂ ಆರಂಭವಾಯಿತು. ಅಲ್ಲಿ ಕಲಿತವರು ನಾಡಿನ ಹಲವೆಡೆ ಹೋಗಿ ಶಿಬಿರ ನಡೆಸಿದರು. ಪಾರ್ಟನ್ನು ಹಣದಿಂದ ಕೊಳ್ಳುವ ಮಾತು ಅಂಥ ಶಿಬಿರಗಳಲ್ಲಿಲ್ಲ. ಹೆಂಗಸರು, ಗಂಡಸರು ಒಟ್ಟಿಗೇ ಕಲಿಯುತ್ತಾರೆ.

ಹಳ್ಳಿಯ ತಾಲೀಮೂ ಇದ್ದಲ್ಲೇ ನಿಂತಿಲ್ಲ. ಈಚಿನ ವರ್ಷಗಳಲ್ಲಿ ಮಹಿಳೆಯರೇ ಎಲ್ಲ ಪಾತ್ರಗಳನ್ನೂ ವಹಿಸಿ ‘ಕುರುಕ್ಷೇತ್ರ’ ಆಡಿದ್ದುಂಟು. ಭೀಮನ ಗದೆಯೂ ಅವರದೇ, ದುರ್ಯೋಧನನ ಮೀಸೆಯೂ ಅವರದೇ. ಅವರ ಮುಂದೆ ಕೂತದ್ದೂ ಅದೇ ಹಾರ್ಮೋನಿಯಂ. ಶ್ರುತಿಯನ್ನು ಮಾತ್ರ ಹೆಣ್ಣುಕಂಠಕ್ಕೆ ಹೊಂದುವಂತೆ ಏರಿಸಿಕೊಳ್ಳಬೇಕಾಯಿತು.